ಅಕ್ಷರವನ್ನು ನಂಬಿದ ನಾಡು: ಮ್ಯಾಸಚೂಸೆಟ್ಸ್ ರಾಜ್ಯದ ಇತಿಹಾಸದ ಕೆಲವು ಘಟ್ಟಗಳು

ಒಂದು ನಾಡಿನ ಚರಿತ್ರೆಯನ್ನು ಅದರ ಆಳರಸರ ಪಟ್ಟಿಯಿಂದಲೂ ಕದನಗಳ ಕಾಲಗಣನೆಯಿಂದಲೂ ತಿಳಿಯುವುದು ಲೋಕರೂಢಿ. ಆದರೆ ಆ ನಾಡು ತನ್ನ ಮಕ್ಕಳಿಗೆ ಏನನ್ನು ಕಲಿಸಿತು, ಯಾವ ಮಕ್ಕಳನ್ನು ಶಾಲೆಯ ಬಾಗಿಲಿನಿಂದ ಆಚೆಗೆ ನಿಲ್ಲಿಸಿತು, ಹಾಗೆ ನಿಲ್ಲಿಸಿದ ತಪ್ಪನ್ನು ಎಂದು ತಿದ್ದಿಕೊಂಡಿತು ಎಂಬ ಮೂರು ಪ್ರಶ್ನೆಗಳನ್ನು ಕೇಳಿದಾಗ ದೊರೆಯುವ ಚರಿತ್ರೆ ಬೇರೊಂದು ಬಗೆಯದು. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆಗಳಿಗೆ ಅತ್ಯಂತ ದೀರ್ಘವಾದ ಉತ್ತರವನ್ನು ಕೊಡಬಲ್ಲ ರಾಜ್ಯಗಳಲ್ಲಿ ಮ್ಯಾಸಚೂಸೆಟ್ಸ್ ಅಗ್ರಗಣ್ಯವಾದುದು. ವಿಸ್ತಾರದಲ್ಲಿ ಅದು ನಮ್ಮ ಕರ್ನಾಟಕದ ಏಳನೆಯ ಒಂದು ಪಾಲಿನಷ್ಟು ಮಾತ್ರ. ಅಟ್ಲಾಂಟಿಕ್ ಸಾಗರದ ಪಶ್ಚಿಮ ತೀರದಲ್ಲಿ, ಕಲ್ಲುನೆಲದ, ಕಡುಚಳಿಯ ಪ್ರದೇಶದಲ್ಲಿ ಅದು ನೆಲೆಗೊಂಡಿದೆ. ಬಾಸ್ಟನ್ ಅದರ ರಾಜಧಾನಿ. ಬಿಳಿಯರ ಆಗಮನಕ್ಕೆ ಮುನ್ನ ಅಲ್ಲಿ ಬಾಳಿದ ಮೂಲನಿವಾಸಿಗಳ ಕುಲನಾಮವೇ ರಾಜ್ಯದ ಹೆಸರಾಗಿ ಉಳಿದಿದೆ. ದೊಡ್ಡ ಬೆಟ್ಟದ ಬಳಿಯ ಎಡೆ ಎಂಬುದು ಆ ಪದದ ಅರ್ಥ.

ವಲಸಿಗರ ಆಗಮನ

೧೬೨೦ನೆಯ ಇಸವಿಯ ನವೆಂಬರ್ ತಿಂಗಳಿನಲ್ಲಿ ಮೇಫ್ಲವರ್ ಎಂಬ ಹಡಗು ೧೦೨ ಮಂದಿ ಪ್ರಯಾಣಿಕರನ್ನು ಹೊತ್ತು ಕೇಪ್ ಕಾಡ್ ಎಂಬ ಭೂಶಿರದ ಬಳಿ ಲಂಗರು ಹಾಕಿತು. ಅವರಲ್ಲಿ ಹಲವರು ಇಂಗ್ಲೆಂಡಿನ ರಾಜಮಾನ್ಯ ಚರ್ಚಿನ ವಿಧಿಗಳನ್ನು ಒಪ್ಪದೆ, ತಮ್ಮ ಮನಸ್ಸಾಕ್ಷಿಗೆ ಅನುಗುಣವಾಗಿ ದೇವರನ್ನು ಆರಾಧಿಸಲು ಬಯಸಿ ಹೊರಟವರು. ನೆಲಕ್ಕೆ ಇಳಿಯುವ ಮುನ್ನವೇ ೪೧ ಮಂದಿ ಪುರುಷರು ಹಡಗಿನಲ್ಲಿ ಒಂದು ಒಡಂಬಡಿಕೆಗೆ ರುಜುಹಾಕಿದರು. ತಾವೆಲ್ಲರೂ ಒಂದು ಸಮುದಾಯವಾಗಿ ಕೂಡಿ, ಅಗತ್ಯವಾದ ಕಟ್ಟಳೆಗಳನ್ನು ತಾವೇ ರಚಿಸಿಕೊಂಡು, ಅವುಗಳಿಗೆ ವಿಧೇಯರಾಗಿ ನಡೆಯುವುದಾಗಿ ಅದರಲ್ಲಿ ಬರೆದುಕೊಂಡರು. ಮೊದಲನೆಯ ಚಳಿಗಾಲ ಕಳೆಯುವಷ್ಟರಲ್ಲಿ ಬಂದವರಲ್ಲಿ ಅರ್ಧದಷ್ಟು ಜನ ಹಸಿವಿನಿಂದಲೂ ರೋಗದಿಂದಲೂ ಮಡಿದರು.

ಉಳಿದವರು ಬದುಕಿದ್ದು ಮೂಲನಿವಾಸಿಗಳ ನೆರವಿನಿಂದ. ವಾಂಪನೋಗ್ ಜನರ ನಾಯಕನಾದ ಮ್ಯಾಸಸಾಯಿಟ್ ಅವರೊಡನೆ ಸಂಧಿ ಮಾಡಿಕೊಂಡನು. ಟಿಸ್ಕ್ವಾಂಟಮ್ ಎಂಬಾತನು ಮುಸುಕಿನ ಜೋಳವನ್ನು ಬಿತ್ತುವ ಕ್ರಮವನ್ನು ಅವರಿಗೆ ಹೇಳಿಕೊಟ್ಟನು. ಈತನಿಗೆ ಇಂಗ್ಲಿಷ್ ಮಾತು ಬರುತ್ತಿದ್ದುದಕ್ಕೆ ಕಾರಣ ಶೋಚನೀಯವಾದುದು. ಕೆಲವು ವರ್ಷಗಳ ಹಿಂದೆ, ೧೬೧೪ರಲ್ಲಿ, ಇಂಗ್ಲಿಷ್ ನಾವಿಕನೊಬ್ಬನು ಆತನನ್ನು ಅಪಹರಿಸಿ ಸ್ಪೇನಿಗೆ ಒಯ್ದಿದ್ದನು. ಆತನು ಇಂಗ್ಲೆಂಡಿನ ಮೂಲಕ ಹೇಗೋ ತಾಯ್ನಾಡಿಗೆ ಮರಳಿದಾಗ, ಅವನ ಊರಿಗೆ ಊರೇ ಸಾಂಕ್ರಾಮಿಕಕ್ಕೆ ತುತ್ತಾಗಿ ಬರಿದಾಗಿದ್ದಿತು. ಆ ಬರಿದಾದ ಊರಿನ ನೆಲದ ಮೇಲೆಯೇ ವಲಸಿಗರು ತಮ್ಮ ಪ್ಲಿಮತ್ ನೆಲೆಯನ್ನು ಕಟ್ಟಿದ್ದರು. ಗುರುವಿನ ಸ್ಥಾನದಲ್ಲಿ ನಿಂತು ಅನ್ನದ ದಾರಿಯನ್ನು ತೋರಿದ ಈ ಜನರ ಮೇಲೆಯೇ ಅರ್ಧ ಶತಮಾನದ ತರುವಾಯ, ೧೬೭೫–೭೬ರ ಘೋರ ಯುದ್ಧವು ಎರಗಿತು. ಮ್ಯಾಸಸಾಯಿಟನ ಮಗನಾದ ಮೆಟಕಾಮನು ಅದರಲ್ಲಿ ಹತನಾದನು. ಸೆರೆಸಿಕ್ಕ ಅನೇಕರು ಗುಲಾಮರಾಗಿ ಮಾರಲ್ಪಟ್ಟರು. ಈ ರಾಜ್ಯದ ವಿದ್ಯಾವೈಭವವನ್ನು ವರ್ಣಿಸುವವರು ಈ ಋಣವನ್ನು ಮರೆಯಲಾಗದು.

ಶಾಲೆಯ ಕಟ್ಟಳೆ

೧೬೩೦ರಲ್ಲಿ ಜಾನ್ ವಿನ್‌ತ್ರಾಪನ ನೇತೃತ್ವದಲ್ಲಿ ಮತ್ತೊಂದು ದೊಡ್ಡ ತಂಡವು ಬಂದು ಬಾಸ್ಟನ್ ನಗರವನ್ನು ಸ್ಥಾಪಿಸಿತು. ಕಾಡನ್ನು ಕಡಿಯುವುದು, ಮನೆಯನ್ನು ಕಟ್ಟುವುದು, ಕಲ್ಲುಗಳ ನಡುವೆ ಬೆಳೆ ತೆಗೆಯುವುದು ಇನ್ನೂ ಮುಗಿಯದಿದ್ದ ಕಾಲ ಅದು. ಹಾಗಿದ್ದೂ ಐದೇ ವರ್ಷಗಳಲ್ಲಿ, ೧೬೩೫ರಲ್ಲಿ, ಬಾಸ್ಟನ್ ಲ್ಯಾಟಿನ್ ಶಾಲೆ ಆರಂಭವಾಯಿತು. ಮರುವರ್ಷವೇ ಅಲ್ಲಿನ ಶಾಸನಸಭೆಯು ಒಂದು ಕಾಲೇಜಿಗಾಗಿ ೪೦೦ ಪೌಂಡುಗಳನ್ನು ಮಂಜೂರು ಮಾಡಿತು. ೧೬೩೮ರಲ್ಲಿ ಜಾನ್ ಹಾರ್ವರ್ಡ್ ಎಂಬ ತರುಣ ಪಾದ್ರಿಯು ಕ್ಷಯರೋಗದಿಂದ ತೀರಿಕೊಳ್ಳುವಾಗ ತನ್ನ ಆಸ್ತಿಯ ಅರ್ಧವನ್ನೂ ಸುಮಾರು ೪೦೦ ಗ್ರಂಥಗಳನ್ನೂ ಆ ಕಾಲೇಜಿಗೆ ಬರೆದಿಟ್ಟನು. ಆ ದಾನಿಯ ಹೆಸರೇ ಇಂದು ಜಗದ್ವಿಖ್ಯಾತವಾಗಿರುವ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಹೆಸರು.

ಉನ್ನತ ವಿದ್ಯೆಗೆ ನೆಲೆಯಾದರೆ ಸಾಲದು, ಮನೆಮನೆಯ ಮಗುವಿಗೂ ಓದು ಬರಬೇಕು ಎಂಬುದು ಅವರ ಮುಂದಿನ ನಿಶ್ಚಯ. ೧೬೪೨ರ ಕಟ್ಟಳೆಯು ಮಕ್ಕಳಿಗೆ ಓದು ಕಲಿಸುವ ಹೊಣೆಯನ್ನು ತಂದೆತಾಯಿಗಳ ಮೇಲೂ ಯಜಮಾನರ ಮೇಲೂ ಹೊರಿಸಿತು. ೧೬೪೭ರ ಕಟ್ಟಳೆಯು ಇನ್ನೂ ಮುಂದೆ ಹೋಯಿತು. ೫೦ ಕುಟುಂಬಗಳಿರುವ ಪ್ರತಿಯೊಂದು ಊರೂ ಓದು ಬರಹಗಳನ್ನು ಕಲಿಸುವ ಉಪಾಧ್ಯಾಯನೊಬ್ಬನನ್ನು ನೇಮಿಸತಕ್ಕದ್ದು. ೧೦೦ ಕುಟುಂಬಗಳಾದೊಡನೆ ವಿದ್ಯಾರ್ಥಿಗಳನ್ನು ಕಾಲೇಜಿಗೆ ಸಿದ್ಧಗೊಳಿಸುವ ವ್ಯಾಕರಣ ಶಾಲೆಯನ್ನು ತೆರೆಯತಕ್ಕದ್ದು. ತಪ್ಪಿದ ಊರು ದಂಡವನ್ನು ತೆರತಕ್ಕದ್ದು. ಜನರಿಗೆ ಬೈಬಲನ್ನು ತಾವಾಗಿ ಓದಿ ತಿಳಿಯಲು ಬಾರದಿದ್ದರೆ ಸೈತಾನನು ಅವರನ್ನು ವಂಚಿಸುವನು ಎಂಬುದು ಆ ಕಟ್ಟಳೆಯು ಕೊಟ್ಟ ಕಾರಣ. ಕಾರಣವು ಧಾರ್ಮಿಕವಾದರೂ ಫಲವು ಲೌಕಿಕವಾಯಿತು. ಶಾಲೆಯು ಊರಿನ ಹೊಣೆ ಎಂಬ ತತ್ತ್ವವು ಅಂದಿನಿಂದ ಆ ನೆಲದಲ್ಲಿ ಬೇರೂರಿತು.

ಆದರೆ ತಮ್ಮ ಮನಸ್ಸಾಕ್ಷಿಗಾಗಿ ಸಮುದ್ರವನ್ನು ದಾಟಿದ ಈ ಜನ ಪರರ ಮನಸ್ಸಾಕ್ಷಿಯನ್ನು ಸಹಿಸಲಿಲ್ಲ. ಮತಧರ್ಮದ ವಿಷಯದಲ್ಲಿ ಅಧಿಕಾರಿಗಳು ಕೈಹಾಕಬಾರದೆಂದು ವಾದಿಸಿದ ರೋಜರ್ ವಿಲಿಯಮ್ಸನನ್ನು ೧೬೩೫ರಲ್ಲಿ ಗಡೀಪಾರು ಮಾಡಲು ತೀರ್ಪಾಯಿತು. ಮನೆಯಲ್ಲಿ ಧರ್ಮಪ್ರವಚನ ನಡೆಸಿದ ಆನ್ ಹಚಿನ್‌ಸನ್ ಎಂಬಾಕೆಯನ್ನು ೧೬೩೭ರಲ್ಲಿ ವಿಚಾರಣೆಗೆ ಗುರಿಪಡಿಸಿ ಹೊರಹಾಕಿದರು. ಕ್ವೇಕರ್ ಪಂಥವನ್ನು ಬಿಡದ ಮೇರಿ ಡಯರಳನ್ನು ೧೬೬೦ರಲ್ಲಿ ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಿದರು.

ಸೇಲಮ್ಮಿನ ದುರಂತ

ಅಕ್ಷರವು ವಿವೇಕವನ್ನು ತಾನಾಗಿಯೇ ತಂದುಕೊಡದು ಎಂಬುದಕ್ಕೆ ೧೬೯೨ರ ಸೇಲಮ್ ಪ್ರಕರಣವು ಮರೆಯಲಾಗದ ನಿದರ್ಶನ. ಸೇಲಮ್ ಗ್ರಾಮದಲ್ಲಿ ಕೆಲವು ಬಾಲಕಿಯರು ವಿಚಿತ್ರವಾಗಿ ಚೀರುತ್ತ ಹೊರಳಾಡಿದುದಕ್ಕೆ ಮಾಟವೇ ಕಾರಣವೆಂದು ಹಿರಿಯರು ನಿರ್ಧರಿಸಿದರು. ಒಬ್ಬರ ಮೇಲೊಬ್ಬರಂತೆ ನೂರೈವತ್ತಕ್ಕೂ ಮಿಕ್ಕಿದ ಜನ ಆರೋಪಕ್ಕೆ ಗುರಿಯಾದರು. ಆರೋಪಿಯ ಛಾಯಾರೂಪವು ಬಂದು ತನ್ನನ್ನು ಪೀಡಿಸಿತು ಎಂಬ ಮಾತನ್ನೂ ನ್ಯಾಯಾಲಯವು ಸಾಕ್ಷ್ಯವೆಂದು ಸ್ವೀಕರಿಸಿತು. ೧೯ ಜನರನ್ನು ಗಲ್ಲಿಗೇರಿಸಿದರು. ಆರೋಪಕ್ಕೆ ಉತ್ತರ ಕೊಡಲೊಪ್ಪದ ಒಬ್ಬ ವೃದ್ಧನನ್ನು ಎದೆಯ ಮೇಲೆ ಬಂಡೆಗಳನ್ನು ಹೇರಿ ಕೊಂದರು. ಸೆರೆಮನೆಯಲ್ಲಿ ಸತ್ತವರು ಬೇರೆ. ಈ ತೀರ್ಪುಗಳನ್ನು ಕೊಟ್ಟವರು ಓದು ಬಾರದ ಜನರಲ್ಲ. ಮುಖ್ಯ ನ್ಯಾಯಾಧೀಶನಾಗಿದ್ದ ವಿಲಿಯಂ ಸ್ಟೌಟನ್ ಹಾರ್ವರ್ಡ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದವನು. ಪೀಠದಲ್ಲಿದ್ದ ಸ್ಯಾಮ್ಯುಯೆಲ್ ಸೀವಾಲನೂ ಅಲ್ಲಿಯೇ ಓದಿದವನು.

ಈ ಇಬ್ಬರ ಮುಂದಿನ ನಡೆಯಲ್ಲಿ ಒಂದು ವ್ಯತ್ಯಾಸವುಂಟು. ಸ್ಟೌಟನ್ ಕೊನೆಯವರೆಗೆ ತನ್ನ ತಪ್ಪನ್ನು ಒಪ್ಪಿಕೊಳ್ಳಲಿಲ್ಲ. ಸೀವಾಲನು ೧೬೯೭ರ ಜನವರಿಯಲ್ಲಿ ತನ್ನ ಚರ್ಚಿನ ಸಭೆಯ ನಡುವೆ ಎದ್ದು ನಿಂತನು. ಆ ಪ್ರಕರಣದ ಅಪರಾಧವನ್ನೂ ಅಪಮಾನವನ್ನೂ ತಾನು ಹೊರುವುದಾಗಿ ಬರೆದುಕೊಟ್ಟಿದ್ದ ಆತನ ಪತ್ರವನ್ನು ಪಾದ್ರಿಯು ಎಲ್ಲರೆದುರು ಓದಿದನು. ಓದು ಮುಗಿಯುವವರೆಗೂ ಆ ನ್ಯಾಯಾಧೀಶನು ನಿಂತೇ ಇದ್ದನು. ೧೭೧೧ರಲ್ಲಿ ಸರ್ಕಾರವು ಹಲವರ ಶಿಕ್ಷೆಯನ್ನು ರದ್ದುಪಡಿಸಿ ಅವರ ಕುಟುಂಬಗಳಿಗೆ ಪರಿಹಾರ ಕೊಟ್ಟಿತು. ಆದರೆ ಕೆಲವರ ಹೆಸರುಗಳು ಆ ಪಟ್ಟಿಯಿಂದ ತಪ್ಪಿಹೋದವು.

ಚಹದ ಪೆಟ್ಟಿಗೆಗಳು, ಜನರ ಸಂವಿಧಾನ

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಬಾಸ್ಟನ್ನಿನ ಚರಿತ್ರೆಗೂ ಭಾರತದ ಚರಿತ್ರೆಗೂ ಒಂದು ವಿಚಿತ್ರ ಸಂಬಂಧ ಒದಗಿತು. ಬಂಗಾಳವನ್ನು ಕೈವಶ ಮಾಡಿಕೊಂಡಿದ್ದ ಈಸ್ಟ್ ಇಂಡಿಯಾ ಕಂಪನಿಯು ಸಾಲದಲ್ಲಿ ಮುಳುಗಿ, ಮಾರಾಟವಾಗದ ಚಹದ ರಾಶಿಯನ್ನು ಕೂಡಿಹಾಕಿಕೊಂಡಿದ್ದಿತು. ಅದನ್ನು ಉಳಿಸಲೋಸುಗ ಬ್ರಿಟಿಷ್ ಪಾರ್ಲಿಮೆಂಟು ೧೭೭೩ರಲ್ಲಿ ಶಾಸನವೊಂದನ್ನು ಮಾಡಿ, ಕಂಪನಿಯ ಚಹವನ್ನು ಅಮೆರಿಕದಲ್ಲಿ ನೇರವಾಗಿ ಮಾರಲು ಅನುಕೂಲ ಕಲ್ಪಿಸಿತು; ಅಲ್ಲಿನ ಜನ ವಿರೋಧಿಸುತ್ತಿದ್ದ ಸುಂಕವನ್ನು ಮಾತ್ರ ಉಳಿಸಿಕೊಂಡಿತು. ತಮ್ಮ ಪ್ರತಿನಿಧಿಗಳಿಲ್ಲದ ಸಭೆಯು ತಮ್ಮ ಮೇಲೆ ತೆರಿಗೆ ಹಾಕಲಾಗದೆಂಬುದು ಜನರ ವಾದ. ಆ ವರ್ಷದ ಡಿಸೆಂಬರ್ ೧೬ರ ರಾತ್ರಿ ಅವರು ಮೂರು ಹಡಗುಗಳನ್ನೇರಿ ೩೪೨ ಪೆಟ್ಟಿಗೆಗಳ ಚಹವನ್ನು ಬಾಸ್ಟನ್ ಬಂದರಿನ ನೀರಿಗೆ ಸುರಿದರು. ಚೀನಾದಲ್ಲಿ ಬೆಳೆದು, ಲಂಡನ್ನಿನಲ್ಲಿ ಹಡಗೇರಿದ ಚಹವದು. ೧೭೭೫ರ ಏಪ್ರಿಲ್ ೧೯ರಂದು ಲೆಕ್ಸಿಂಗ್ಟನ್ ಮತ್ತು ಕಾಂಕಾರ್ಡ್ ಎಂಬ ಊರುಗಳಲ್ಲಿ ಸ್ವಾತಂತ್ರ್ಯ ಸಮರದ ಮೊದಲ ಗುಂಡುಗಳು ಹಾರಿದವು.

ಸಮರವಿನ್ನೂ ನಡೆಯುತ್ತಿರುವಾಗಲೇ ಈ ರಾಜ್ಯವು ತನ್ನ ಸಂವಿಧಾನವನ್ನು ರಚಿಸಿಕೊಂಡಿತು. ೧೭೭೮ರಲ್ಲಿ ಶಾಸನಸಭೆಯು ಬರೆದುಕೊಟ್ಟ ಕರಡನ್ನು ಮತದಾರರು ತಿರಸ್ಕರಿಸಿದರು. ತರುವಾಯ ಇದಕ್ಕೆಂದೇ ಪ್ರತ್ಯೇಕ ಸಭೆಯನ್ನು ಚುನಾಯಿಸಿದರು. ಜಾನ್ ಆಡಮ್ಸ್ ಮುಖ್ಯವಾಗಿ ಬರೆದ ಕರಡನ್ನು ಊರೂರಿನ ಸಭೆಗಳಲ್ಲಿ ಓದಿ ಚರ್ಚಿಸಿ ೧೭೮೦ರಲ್ಲಿ ಅಂಗೀಕರಿಸಿದರು. ತಿದ್ದುಪಡಿಗಳೊಡನೆ ಇಂದಿಗೂ ಜಾರಿಯಲ್ಲಿರುವ ಆ ಸಂವಿಧಾನವು ಲೋಕದಲ್ಲಿ ಬಳಕೆಯಲ್ಲಿರುವ ಲಿಖಿತ ಸಂವಿಧಾನಗಳಲ್ಲೆಲ್ಲ ಹಳೆಯದು. ವಿದ್ಯೆಯನ್ನೂ ಶಾಲೆಗಳನ್ನೂ ಪೋಷಿಸುವುದು ಶಾಸಕರ ಕರ್ತವ್ಯವೆಂದು ಅದರಲ್ಲಿ ಒಂದು ಪ್ರತ್ಯೇಕ ಪ್ರಕರಣವೇ ಉಂಟು. ಎಲ್ಲ ಮನುಷ್ಯರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂಬುದು ಅದರ ಹಕ್ಕುಗಳ ಘೋಷಣೆಯ ಮೊದಲ ಮಾತು.

ಆ ಮಾತನ್ನು ನಿಜವಾಗಿ ಪರೀಕ್ಷೆಗೆ ಒಡ್ಡಿದವಳು ಅಕ್ಷರವನ್ನೇ ಅರಿಯದ ಒಬ್ಬ ದಾಸಿ. ಷೆಫೀಲ್ಡ್ ಎಂಬ ಊರಿನಲ್ಲಿ ಆಷ್ಲಿ ಎಂಬ ಶ್ರೀಮಂತನ ಮನೆಯಲ್ಲಿ ಬೆಟ್ ಎಂಬ ಆಫ್ರಿಕನ್ ಮೂಲದ ಹೆಂಗಸು ಗುಲಾಮಳಾಗಿದ್ದಳು. ಮನುಷ್ಯರೆಲ್ಲರೂ ಸಮಾನರೆಂದು ಇತರರು ಓದಿ ಹೇಳುತ್ತಿದ್ದುದು ಆಕೆಯ ಕಿವಿಗೆ ಬಿದ್ದಿತು. ಥಿಯೊಡೋರ್ ಸೆಜ್ವಿಕ್ ಎಂಬ ವಕೀಲನಲ್ಲಿಗೆ ಹೋಗಿ, ಆ ಮಾತು ತನಗೂ ಅನ್ವಯಿಸುವುದಷ್ಟೆ ಎಂದು ಆಕೆ ವಿಚಾರಿಸಿದಳು. ೧೭೮೧ರಲ್ಲಿ ಪಂಚರ ತೀರ್ಪು ಅವಳ ಪರವಾಯಿತು. ಆಕೆ ಬಿಡುಗಡೆ ಹೊಂದಿ ಎಲಿಜಬೆತ್ ಫ್ರೀಮನ್ ಎಂಬ ಹೆಸರನ್ನು ತಾಳಿದಳು. ಕ್ವಾಕ್ ವಾಕರ್ ಎಂಬಾತನ ಮೊಕದ್ದಮೆಯಲ್ಲಿ ೧೭೮೩ರಲ್ಲಿ ಮುಖ್ಯ ನ್ಯಾಯಮೂರ್ತಿ ವಿಲಿಯಂ ಕುಷಿಂಗ್ ಗುಲಾಮಗಿರಿಯು ಸಂವಿಧಾನಕ್ಕೆ ವಿರುದ್ಧವೆಂದು ಸಾರಿದನು. ೧೭೯೦ರ ಜನಗಣತಿಯಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಒಬ್ಬ ಗುಲಾಮನೂ ನಮೂದಾಗಲಿಲ್ಲ.

ಹೊರೇಸ್ ಮಾನ್ ಮತ್ತು ಸಾರ್ವಜನಿಕ ಶಾಲೆ

ಬಾಸ್ಟನ್ನಿನಿಂದ ತುಸು ದೂರದಲ್ಲಿ ಫ್ರಾಂಕ್ಲಿನ್ ಎಂಬ ಊರುಂಟು. ಬೆಂಜಮಿನ್ ಫ್ರಾಂಕ್ಲಿನ್ನನ ಗೌರವಾರ್ಥವಾಗಿ ಆ ಹೆಸರನ್ನಿಟ್ಟುಕೊಂಡ ಊರಿನವರು, ತಮ್ಮ ಚರ್ಚಿಗೆ ಗಂಟೆಯೊಂದನ್ನು ಆತನಿಂದ ದಾನವಾಗಿ ಬಯಸಿದರು. ಗಂಟೆಯ ಸದ್ದಿಗಿಂತ ಜನಕ್ಕೆ ತಿಳಿವಳಿಕೆ ಮೇಲೆಂದು ಬಗೆದ ಆತನು ಗಂಟೆಗೆ ಬದಲಾಗಿ ೧೧೬ ಗ್ರಂಥಗಳನ್ನು ಕಳುಹಿಸಿದನು. ಊರಿನವರು ೧೭೯೦ರಲ್ಲಿ ಸಭೆ ಸೇರಿ, ಆ ಪುಸ್ತಕಗಳನ್ನು ಎಲ್ಲ ನಿವಾಸಿಗಳಿಗೂ ಉಚಿತವಾಗಿ ಓದಲು ಕೊಡುವುದೆಂದು ತೀರ್ಮಾನಿಸಿದರು. ಅದೇ ಊರಿನಲ್ಲಿ ೧೭೯೬ರಲ್ಲಿ ಬಡ ರೈತನ ಮಗನಾಗಿ ಹುಟ್ಟಿ, ಆ ಪುಸ್ತಕಗಳನ್ನೋದಿ ಬೆಳೆದ ಹುಡುಗನೇ ಹೊರೇಸ್ ಮಾನ್.

ವಕೀಲನಾಗಿ, ರಾಜ್ಯದ ಸೆನೆಟ್ ಸಭೆಯ ಅಧ್ಯಕ್ಷನಾಗಿ ಕೀರ್ತಿ ಗಳಿಸಿದ್ದ ಮಾನ್, ೧೮೩೭ರಲ್ಲಿ ಅವೆಲ್ಲವನ್ನೂ ಬಿಟ್ಟು, ಆಗತಾನೆ ಸ್ಥಾಪಿತವಾದ ಶಿಕ್ಷಣ ಮಂಡಲಿಯ ಕಾರ್ಯದರ್ಶಿಯ ಹುದ್ದೆಯನ್ನು ಸ್ವೀಕರಿಸಿದನು. ೧೬೪೭ರ ಕಟ್ಟಳೆಯ ಸ್ಫೂರ್ತಿ ಆ ವೇಳೆಗೆ ಬಹಳ ಮಂಕಾಗಿದ್ದಿತು. ಶಾಲಾಕಟ್ಟಡಗಳು ಪಾಳುಬಿದ್ದಿದ್ದವು, ಉಪಾಧ್ಯಾಯರ ಸಂಬಳ ಅತ್ಯಲ್ಪವಾಗಿದ್ದಿತು, ನೂಲಿನ ಗಿರಣಿಗಳು ಎಳೆಯ ಮಕ್ಕಳನ್ನು ದುಡಿಮೆಗೆ ಸೆಳೆಯುತ್ತಿದ್ದವು. ಮಾನ್ ಊರೂರನ್ನು ಸುತ್ತಿ ಶಾಲೆಗಳನ್ನು ಕಣ್ಣಾರೆ ಕಂಡು, ೧೨ ವರ್ಷಗಳಲ್ಲಿ ೧೨ ವಾರ್ಷಿಕ ವರದಿಗಳನ್ನು ಬರೆದನು. ಮಕ್ಕಳಿಲ್ಲದ ಶ್ರೀಮಂತನು ಪರರ ಮಕ್ಕಳ ಶಾಲೆಗೆ ಏಕೆ ತೆರಿಗೆ ಕೊಡಬೇಕು ಎಂಬುದು ಆ ಕಾಲದ ದೊಡ್ಡ ಆಕ್ಷೇಪಣೆ. ಸಂಪತ್ತು ಯಾವ ಒಂದು ತಲೆಮಾರಿನ ಸ್ವಂತ ಸೊತ್ತೂ ಅಲ್ಲ, ಪ್ರತಿಯೊಂದು ತಲೆಮಾರೂ ಮುಂದಿನದರ ಪರವಾಗಿ ಅದನ್ನು ಕಾಯುವ ಧರ್ಮದರ್ಶಿ ಮಾತ್ರ ಎಂಬುದು ತನ್ನ ಹತ್ತನೆಯ ವರದಿಯಲ್ಲಿ ಆತನು ಕೊಟ್ಟ ಉತ್ತರದ ಸಾರ. ಮಕ್ಕಳನ್ನು ಹೊಡೆಯುವ ಪದ್ಧತಿಯನ್ನು ಟೀಕಿಸಿದುದಕ್ಕಾಗಿ ಬಾಸ್ಟನ್ನಿನ ೩೧ ಮಂದಿ ಉಪಾಧ್ಯಾಯರು ಆತನ ಮೇಲೆ ಲೇಖನಿಯುದ್ಧವನ್ನೇ ಹೂಡಿದರು, ಆತನು ಹಿಂಜರಿಯಲಿಲ್ಲ.

ಉಪಾಧ್ಯಾಯರಿಗೆ ತರಬೇತಿಯಿಲ್ಲದೆ ಶಾಲೆ ಸುಧಾರಿಸದೆಂದು ಮಾನ್ ದೃಢವಾಗಿ ನಂಬಿದ್ದನು. ೧೮೩೮ರಲ್ಲಿ ಎಡ್ಮಂಡ್ ಡ್ವೈಟ್ ಎಂಬ ಉದ್ಯಮಿಯು, ಸರ್ಕಾರವೂ ಅಷ್ಟೇ ಹಣವನ್ನು ಕೊಡುವುದಾದರೆ ತಾನು ೧೦,೦೦೦ ಡಾಲರುಗಳನ್ನು ಕೊಡುವುದಾಗಿ ಮುಂದೆ ಬಂದನು. ಸರ್ಕಾರವು ಒಪ್ಪಿತು. ೧೮೩೯ರ ಜುಲೈ ೩ರಂದು ಲೆಕ್ಸಿಂಗ್ಟನ್ನಿನಲ್ಲಿ ಆ ದೇಶದ ಮೊದಲನೆಯ ಸರ್ಕಾರಿ ನಾರ್ಮಲ್ ಶಾಲೆಯು ತೆರೆಯಿತು. ಮೊದಲ ದಿನ ಬಂದ ವಿದ್ಯಾರ್ಥಿನಿಯರು ಮೂವರೇ. ಸೈರಸ್ ಪಿಯರ್ಸ್ ಎಂಬ ಉಪಾಧ್ಯಾಯನು ಆ ಮೂವರಿಗೇ ಪಾಠವನ್ನಾರಂಭಿಸಿದನು. ೧೮೫೨ರಲ್ಲಿ ಮ್ಯಾಸಚೂಸೆಟ್ಸ್ ೮ ರಿಂದ ೧೪ ವರ್ಷದ ಮಕ್ಕಳು ವರ್ಷಕ್ಕೆ ೧೨ ವಾರಗಳಾದರೂ ಶಾಲೆಗೆ ಹೋಗತಕ್ಕದ್ದೆಂದು ವಿಧಿಸಿ, ಕಡ್ಡಾಯ ಶಿಕ್ಷಣದ ಶಾಸನವನ್ನು ಮಾಡಿದ ಮೊದಲ ರಾಜ್ಯವೆನಿಸಿತು. ಉಳಿದೆಲ್ಲ ರಾಜ್ಯಗಳೂ ಇದನ್ನನುಸರಿಸಿ ಮುಗಿಸುವ ವೇಳೆಗೆ ೧೯೧೮ ಬಂದಿದ್ದಿತು.

ಐದು ಶಾಲೆಗಳನ್ನು ದಾಟಿ ನಡೆದ ಬಾಲಕಿ

ಇಷ್ಟಾದರೂ ಶಾಲೆಯ ಬಾಗಿಲು ಎಲ್ಲರಿಗೂ ಒಂದೇ ಸಮನಾಗಿ ತೆರೆದಿರಲಿಲ್ಲ. ಬಾಸ್ಟನ್ನಿನ ಸಾರಾ ರಾಬರ್ಟ್ಸ್ ಎಂಬ ಐದು ವರ್ಷದ ಕಪ್ಪು ಬಾಲಕಿಯು, ಬಿಳಿಯರ ಐದು ಶಾಲೆಗಳನ್ನು ದಾಟಿಕೊಂಡು ತನ್ನವರಿಗೆಂದೇ ಇದ್ದ ದೂರದ ಶಾಲೆಗೆ ನಡೆಯಬೇಕಾಗಿದ್ದಿತು. ಮುದ್ರಣಕಾರನಾಗಿದ್ದ ಆಕೆಯ ತಂದೆ ೧೮೪೮ರಲ್ಲಿ ದಾವೆ ಹೂಡಿದನು. ಚಾರ್ಲ್ಸ್ ಸಮ್ನರ್ ಮತ್ತು ಕಪ್ಪು ಜನಾಂಗದ ವಕೀಲನಾದ ರಾಬರ್ಟ್ ಮಾರಿಸ್ ಅವಳ ಪರವಾಗಿ ನಿಂತರು. ಪ್ರತ್ಯೇಕತೆಯೇ ಅಸಮಾನತೆ ಎಂಬುದು ಅವರ ವಾದದ ತಿರುಳು. ಮುಖ್ಯ ನ್ಯಾಯಮೂರ್ತಿ ಲೆಮ್ಯುಯೆಲ್ ಷಾ ಅದನ್ನೊಪ್ಪಲಿಲ್ಲ. ೧೮೫೦ರಲ್ಲಿ ದಾವೆ ಬಿದ್ದುಹೋಯಿತು. ಆದರೆ ಜನರು ಶಾಸನಸಭೆಯ ಬಾಗಿಲನ್ನು ತಟ್ಟಿದರು. ೧೮೫೫ರಲ್ಲಿ ವರ್ಣಭೇದದಿಂದ ಮಕ್ಕಳನ್ನು ಶಾಲೆಯಿಂದ ಹೊರಗಿಡುವುದನ್ನು ನಿಷೇಧಿಸುವ ಶಾಸನವಾಯಿತು.

ಒಂದು ತಪ್ಪು ತೀರ್ಪು ಎಷ್ಟು ದೂರ ನಡೆಯಬಲ್ಲದೆಂಬುದನ್ನೂ ಈ ಪ್ರಕರಣವು ತೋರಿಸುತ್ತದೆ. ತನ್ನ ರಾಜ್ಯದಲ್ಲಿಯೇ ಶಾಸನದಿಂದ ರದ್ದಾದ ಷಾನ ತೀರ್ಪನ್ನು, ೧೮೯೬ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು ಪ್ಲೆಸಿ ಮೊಕದ್ದಮೆಯಲ್ಲಿ ಆಧಾರವಾಗಿ ಎತ್ತಿಕೊಂಡು, ವರ್ಣಪ್ರತ್ಯೇಕತೆಯನ್ನು ಎತ್ತಿಹಿಡಿಯಿತು. ಆ ನೀತಿಯು ಶಾಲೆಗಳಿಂದ ತೊಲಗಿದುದು ೧೯೫೪ರ ಬ್ರೌನ್ ತೀರ್ಪಿನಿಂದ. ಬಾಸ್ಟನ್ನಿನಲ್ಲಿಯೂ ಶಾಸನದಲ್ಲಿ ಅಳಿದ ಭೇದವು ಆಚರಣೆಯಲ್ಲಿ ಉಳಿದಿದ್ದಿತು. ೧೯೭೪ರ ಜೂನ್‌ನಲ್ಲಿ ನ್ಯಾಯಾಧೀಶ ಆರ್ಥರ್ ಗ್ಯಾರಿಟಿ ನಗರದ ಶಾಲೆಗಳಲ್ಲಿ ಪ್ರತ್ಯೇಕತೆಯನ್ನು ಬುದ್ಧಿಪೂರ್ವಕವಾಗಿಯೇ ಪೋಷಿಸಲಾಗಿದೆಯೆಂದು ತೀರ್ಪಿತ್ತು, ಮಕ್ಕಳನ್ನು ಬಸ್ಸುಗಳಲ್ಲಿ ಬೇರೆ ಬೇರೆ ಬಡಾವಣೆಗಳ ಶಾಲೆಗೆ ಕರೆದೊಯ್ಯುವ ಏರ್ಪಾಡನ್ನು ವಿಧಿಸಿದನು. ಆ ಸೆಪ್ಟೆಂಬರಿನಲ್ಲಿ ದಕ್ಷಿಣ ಬಾಸ್ಟನ್ನಿನಲ್ಲಿ ಮಕ್ಕಳು ಕುಳಿತಿದ್ದ ಬಸ್ಸುಗಳ ಮೇಲೆ ಕಲ್ಲುಗಳು ಬಿದ್ದವು. ಲೋಕಕ್ಕೆ ಸಾರ್ವಜನಿಕ ಶಾಲೆಯನ್ನು ಕಲಿಸಿದ ನಗರದಲ್ಲಿ ನಡೆದ ಸಂಗತಿ ಇದು.

ಭಾರತದೊಡನೆ ಬೆಸುಗೆ

೧೮೩೩ರಲ್ಲಿ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು ಕೊಳಗಳಿಂದ ಕೊಯ್ದ ಮಂಜುಗಡ್ಡೆಯನ್ನು ಹಡಗಿನಲ್ಲಿ ಕಲ್ಕತ್ತೆಗೆ ಕಳುಹಿಸಿದನು. ನಾಲ್ಕು ತಿಂಗಳ ಯಾನದ ಕೊನೆಗೂ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕರಗದೆ ಉಳಿದಿದ್ದಿತು. ಮುಂದೆ ಮದರಾಸಿನ ಕಡಲ ದಂಡೆಯಲ್ಲಿ ಆ ವ್ಯಾಪಾರಕ್ಕೆಂದೇ ಒಂದು ಐಸ್ ಹೌಸ್ ಎದ್ದಿತು. ಸರಕಿನೊಡನೆ ವಿಚಾರಗಳೂ ಸಂಚರಿಸಿದವು. ಕಾಂಕಾರ್ಡಿನ ಹೆನ್ರಿ ಥೋರೋ ಭಗವದ್ಗೀತೆಯನ್ನು ಆಸ್ಥೆಯಿಂದ ಓದಿದವನು. ಗುಲಾಮಗಿರಿಯನ್ನು ಸಹಿಸುವ ಸರ್ಕಾರಕ್ಕೆ ತೆರಿಗೆ ಕೊಡಲೊಲ್ಲದೆ ೧೮೪೬ರಲ್ಲಿ ಆತನು ಒಂದು ರಾತ್ರಿ ಸೆರೆಮನೆಯಲ್ಲಿ ಕಳೆದನು. ಅದನ್ನು ಕುರಿತು ಬರೆದ ಪ್ರಬಂಧವನ್ನು ಮಹಾತ್ಮ ಗಾಂಧಿಯವರು ದಕ್ಷಿಣ ಆಫ್ರಿಕದಲ್ಲಿ ಓದಿ ಮೆಚ್ಚಿದರು.

ಮೈಸೂರಿನ ಚಾಮರಾಜೇಂದ್ರ ಒಡೆಯರ ಆದರಕ್ಕೆ ೧೮೯೨ರಲ್ಲಿ ಪಾತ್ರರಾಗಿದ್ದ ಸ್ವಾಮಿ ವಿವೇಕಾನಂದರು, ಮರುವರ್ಷ ಚಿಕಾಗೋ ಸಮ್ಮೇಳನಕ್ಕೆ ಮುನ್ನ ಪರಿಚಯಪತ್ರವಿಲ್ಲದೆ ತೊಳಲುತ್ತಿದ್ದಾಗ ಅವರಿಗೆ ಆಸರೆಯಾದುದು ಇದೇ ರಾಜ್ಯ. ಆನಿಸ್ಕ್ವಾಮ್ ಎಂಬ ಕಡಲೂರಿನಲ್ಲಿ ಅವರನ್ನು ಕಂಡ ಹಾರ್ವರ್ಡಿನ ಪ್ರಾಧ್ಯಾಪಕ ಜಾನ್ ಹೆನ್ರಿ ರೈಟ್, ಸಮ್ಮೇಳನದವರಿಗೆ ಪತ್ರ ಬರೆದು ದಾರಿ ತೆರೆದರು. ಸ್ವದೇಶಕ್ಕೆ ಮರಳಿದ ಸ್ವಾಮಿಗಳು ೧೮೯೭ರಲ್ಲಿ ಮದರಾಸಿನಲ್ಲಿ ತಂಗಿದುದು, ಒಂದು ಕಾಲಕ್ಕೆ ಬಾಸ್ಟನ್ನಿನ ಮಂಜುಗಡ್ಡೆಯನ್ನು ತುಂಬಿಡುತ್ತಿದ್ದ ಆ ಐಸ್ ಹೌಸಿನಲ್ಲಿಯೇ.

ಶಾಲಾಮಕ್ಕಳು ಮುಗಿಸಿದ ಕಾರ್ಯ

ಸೇಲಮ್ ಪ್ರಕರಣದಲ್ಲಿ ಕೆಲವರ ಹೆಸರುಗಳು ಪರಿಹಾರದ ಪಟ್ಟಿಯಿಂದ ತಪ್ಪಿಹೋದುವಷ್ಟೆ. ಎಲಿಜಬೆತ್ ಜಾನ್ಸನ್ ಎಂಬ ತರುಣಿಗೆ ೧೬೯೩ರಲ್ಲಿ ಮರಣದಂಡನೆ ವಿಧಿಸಲಾಗಿದ್ದಿತು. ರಾಜ್ಯಪಾಲನ ಆಜ್ಞೆಯಿಂದ ಜೀವ ಉಳಿದರೂ ಅಪರಾಧಿಯೆಂಬ ಕಳಂಕವು ಉಳಿಯಿತು. ಇತರರ ಹೆಸರುಗಳನ್ನು ಶುದ್ಧಗೊಳಿಸುವ ಶಾಸನಗಳು ಕಾಲಕಾಲಕ್ಕೆ ಬಂದರೂ ಆಕೆಯನ್ನು ಯಾರೂ ನೆನೆಯಲಿಲ್ಲ. ಉತ್ತರ ಆಂಡೋವರ್ ಎಂಬ ಊರಿನ ಶಾಲೆಯೊಂದರ ಎಂಟನೆಯ ತರಗತಿಯ ಮಕ್ಕಳು, ತಮ್ಮ ಪೌರನೀತಿಯ ಉಪಾಧ್ಯಾಯಿನಿಯ ಮಾರ್ಗದರ್ಶನದಲ್ಲಿ ಹಳೆಯ ದಾಖಲೆಗಳನ್ನು ಪರಿಶೀಲಿಸಿ, ಶಾಸಕರಿಗೆ ಮನವಿಗಳನ್ನು ಬರೆದರು. ಒಂದು ತರಗತಿಯವರು ತೇರ್ಗಡೆಯಾಗಿ ಹೋದರೆ ಮುಂದಿನವರು ಕಾರ್ಯವನ್ನು ಕೈಗೆತ್ತಿಕೊಂಡರು. ಕಡೆಗೆ ೨೦೨೨ರ ಜುಲೈ ತಿಂಗಳಿನಲ್ಲಿ ಆಕೆಯೂ ನಿರ್ದೋಷಿಯೆಂದು ರಾಜ್ಯವು ಸಾರಿತು. ಹಾರ್ವರ್ಡಿನಲ್ಲಿ ಓದಿದ ನ್ಯಾಯಾಧೀಶರು ಎಸಗಿದ ಅನ್ಯಾಯದಲ್ಲಿ ಉಳಿದಿದ್ದ ಕಡೆಯ ಋಣವನ್ನು ಊರ ಶಾಲೆಯ ಮಕ್ಕಳು ತೀರಿಸಿದರು.

೧೬೪೭ರಲ್ಲಿ ಊರಿಗೊಬ್ಬ ಉಪಾಧ್ಯಾಯನಿರಬೇಕೆಂದು ಕಟ್ಟಳೆ ಮಾಡಿದವರು ಇಂಥ ಫಲವನ್ನು ಊಹಿಸಿರಲಾರರು. ಈ ರಾಜ್ಯದ ಹಿರಿಮೆಯು ಅದು ತಪ್ಪು ಮಾಡಲಿಲ್ಲವೆಂಬುದರಲ್ಲಿ ಇಲ್ಲ. ತಪ್ಪುಗಳು ಅನೇಕ, ಕೆಲವು ಅತಿ ಕ್ರೂರ. ಅವುಗಳನ್ನು ಬರೆದಿಟ್ಟುಕೊಂಡು, ಓದಿ, ತಿದ್ದಬಲ್ಲ ಜನರನ್ನು ಅದರ ಶಾಲೆಗಳು ತಲೆಮಾರಿನಿಂದ ತಲೆಮಾರಿಗೆ ಸಿದ್ಧಪಡಿಸಿದವು. ಗ್ರಂಥಗಳನ್ನು ಬರೆದಿಟ್ಟ ಹಾರ್ವರ್ಡ್, ಗಂಟೆಯ ಬದಲು ಪುಸ್ತಕಗಳನ್ನು ಕಳುಹಿಸಿದ ಫ್ರಾಂಕ್ಲಿನ್, ಹಣವನ್ನಿತ್ತ ಡ್ವೈಟ್, ಮೂವರೇ ವಿದ್ಯಾರ್ಥಿನಿಯರೆದುರು ಪಾಠಕ್ಕೆ ನಿಂತ ಪಿಯರ್ಸ್ ಇವರಾರೂ ತಮ್ಮ ಕಾಣಿಕೆಯ ಪೂರ್ಣಫಲವನ್ನು ಕಣ್ಣಾರೆ ಕಾಣಲಿಲ್ಲ. ವಿದ್ಯಾದಾಸೋಹಕ್ಕೆ ಕೈಜೋಡಿಸಿದವರೂ ಆ ಕಾಯಕವನ್ನು ನಡೆಸುತ್ತಿರುವವರೂ ಈ ಮಾತನ್ನು ಮನಸ್ಸಿಗೆ ತಂದುಕೊಂಡರೆ, ದೂರದ ನಾಡೊಂದರ ಈ ಚರಿತ್ರೆಯನ್ನು ಓದಿದುದು ಸಾರ್ಥಕ.